ಮಾವ ಕಳಿಸಿದ ಬ್ಲೇಡ್ ಬಾಚಣಿಗೆ ವಿಡಿಯೊ, ನಮ್ಮ ಮನೆ ಗುಂಪಿನ ಚರ್ಚೆ

ಹಾಸನದ ಮಾವ: [ಫಾರ್ವರ್ಡ್ ಮಾಡಿದ ವಿಡಿಯೊ]

ಎಲ್ಲರೂ ಪೂರ್ತಿ ನೋಡಿ. ಒಂದು ಪ್ಲಾಸ್ಟಿಕ್ ಬಾಚಣಿಗೆ, ಒಳಗೆ ಶೇವಿಂಗ್ ಬ್ಲೇಡ್. ಸುಮ್ನೆ ತಲೆ ಬಾಚಿಕೊಂಡರೆ ಸಾಕು, ಕಟಿಂಗ್ ಮುಗಿಯಿತು. ಒಂದು ಸಲ ಕಟಿಂಗ್‌ಗೆ ಕೊಡುವ ದುಡ್ಡು ಕೂಡ ಆಗುವುದಿಲ್ಲ. ನಾವು ಹಾಸ್ಟೆಲ್‌ನಲ್ಲಿದ್ದಾಗ ಇದನ್ನೇ ಉಪಯೋಗಿಸುತ್ತಿದ್ದೆವು, ರೂಮಿನ ನಾಲ್ಕು ಜನಕ್ಕೂ ಒಂದೇ. ನಾನು ಎರಡು ತರಿಸಿದ್ದೇನೆ. ಯಾರಿಗೆ ಬೇಕು ಹೇಳಿ.

ಡಲ್ಲಾಸ್ ತಂಗಿ: ಮಾವ, ತುಂಬಾ ಒಳ್ಳೆಯದು ಕಳಿಸಿದಿರಿ. ಇಲ್ಲಿ ಇವರ ಒಂದು ಕಟಿಂಗ್‌ಗೆ ಟಿಪ್ ಸೇರಿ 40 ಡಾಲರ್ ಕೊಡುತ್ತೇವೆ, ಅದೂ ತಿಂಗಳಿಗೊಂದು ಸಲ. ಪುಟ್ಟಿಯ ಗುಂಗುರು ಕೂದಲು ಈ ಬೇಸಿಗೆಯಲ್ಲಿ ಎಷ್ಟು ಉಬ್ಬುತ್ತದೆ ಅಂದರೆ ಕತ್ತಿನ ಹಿಂದೆಲ್ಲ ಬೆವರುಸಾಲೆ. ಇದರಲ್ಲಿ ಒಳಗಿನಿಂದ ಸ್ವಲ್ಪ ತೆಳ್ಳಗೆ ಮಾಡಿದರೆ ಹಗುರ ಆಗುತ್ತದೆ ಅಲ್ವಾ?

ಸಾಗರದ ಚಿಕ್ಕಮ್ಮ: ಮಾಡು ಮಾಡು. ಬ್ಲೇಡ್ ತಾಗಿದರೆ ಕೂದಲು ದಟ್ಟವಾಗಿಯೇ ಬರುತ್ತದೆ. ನಿನಗೆ ಚಿಕ್ಕವಳಿದ್ದಾಗ ಎರಡು ಸಲ ಮುಡಿ ಕೊಡಿಸಿದ್ದೆ, ಅದಕ್ಕೇ ಆ ಜಡೆ.

ನಾನು: ಮಾವ, ವಿಡಿಯೊ ಎರಡು ಸಲ ನೋಡಿದೆ. ದಯವಿಟ್ಟು ಯಾರೂ ಅದರಲ್ಲಿ ತೋರಿಸಿದ ಹಾಗೆ ಮಾಡಬೇಡಿ. ಸಾಮಾನು ಕೆಟ್ಟದ್ದು ಅಂತಲ್ಲ, ನನ್ನ ಪಾರ್ಲರ್‌ನಲ್ಲೂ ಒಂದಿದೆ. ಆದರೆ ಆ ಹುಡುಗ ನೆತ್ತಿಯಲ್ಲಿ ಇಟ್ಟು ತುದಿಯವರೆಗೆ ಸರ್ ಅಂತ ಎಳೆಯುತ್ತಾನಲ್ಲ, ಅಲ್ಲೇ ಎಲ್ಲ ಕೆಡುವುದು. ಅದು ನೋಡಲು ಬಾಚಣಿಗೆ. ಕೈಗೆ ಬಂದರೆ ನಾವು ಚಿಕ್ಕಂದಿನಿಂದ ಬಾಚಿದ ಹಾಗೆಯೇ ಬಾಚುತ್ತೇವೆ, ಬುಡದಿಂದ ತುದಿಗೆ. ಕತ್ತರಿ ಆದರೆ ಬಾಯಿ ತೆರೆಯುವುದು ಕಾಣುತ್ತದೆ, ಕಚ್ ಅನ್ನುವುದು ಕೇಳುತ್ತದೆ, ಎಷ್ಟು ಹೋಯಿತು ಅಂತ ಕೈಗೆ ಗೊತ್ತಾಗುತ್ತದೆ. ಇದರಲ್ಲಿ ಬ್ಲೇಡ್ ಹಲ್ಲಿನ ಬುಡದಲ್ಲಿ ಅಡಗಿ ಕೂತಿರುತ್ತದೆ. ಎಷ್ಟು ಹೋಯಿತು ಅಂತ ಗೊತ್ತಾಗುವುದು ನೆಲ ನೋಡಿದ ಮೇಲೆ.

ಹಾಸನದ ಮಾವ: ನಿನ್ನ ಕಸುಬು ಅದೇ ಆದ್ದರಿಂದ ನೀನು ಹಾಗೆ ಹೇಳುವುದು ಸಹಜ. ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಪಾರ್ಲರ್‌ಗೆ ಯಾರು ಬರುತ್ತಾರೆ. ಬೇಜಾರು ಮಾಡಿಕೊಳ್ಳಬೇಡ ಪುಟ್ಟಾ, ಇದ್ದದ್ದು ಹೇಳಿದೆ.

ನಾನು: ಬೇಜಾರಾಯಿತು ಮಾವ, ಸುಳ್ಳು ಯಾಕೆ ಹೇಳಲಿ. ನೀವು ಹಾಸನದಲ್ಲಿ, ಅವಳು ಡಲ್ಲಾಸ್‌ನಲ್ಲಿ. ಶಿವಮೊಗ್ಗದ ನನ್ನ ಅಂಗಡಿಗೆ ನೀವಿಬ್ಬರೂ ಬರುವವರಲ್ಲ. ನನಗೆ ಇದರಿಂದ ಒಂದು ರೂಪಾಯಿ ಲಾಭವಿಲ್ಲ. ನಾನು ಹೇಳುತ್ತಿರುವುದು ಇದೇ ಬಾಚಣಿಗೆಯಿಂದ ನಾನೇ ಒಂದು ತಲೆ ಹಾಳು ಮಾಡಿದ್ದೇನೆ ಅಂತ. ನಿಮ್ಮ ಅಕ್ಕನ ತಲೆ.

ಕೋರ್ಸ್ ಮಾಡುತ್ತಿದ್ದ ಮೊದಲ ವರ್ಷ. ಅಮ್ಮನಿಗೆ ಆಗ ಜಡೆ ಎಷ್ಟು ದಪ್ಪ ಇತ್ತು ನಿಮಗೆ ಗೊತ್ತು, ಒಂದು ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ತಲೆಸ್ನಾನ ಮಾಡಿದರೆ ಸಂಜೆಯವರೆಗೂ ಒಣಗುವುದಿಲ್ಲ, ನೆಗಡಿ ಆಗುತ್ತದೆ ಅಂತ ಹೇಳುತ್ತಿದ್ದಳು. ನಾನು ತೆಳ್ಳಗೆ ಮಾಡುತ್ತೇನೆ ಅಂತ ಕೂರಿಸಿ ಒಣ ಕೂದಲ ಮೇಲೆ ಬೈತಲೆಯಿಂದಲೇ ಎಳೆದೆ. ಹತ್ತು ಸಲವೋ ಹದಿನೈದು ಸಲವೋ. ಅವತ್ತು ಚೆನ್ನಾಗಿಯೇ ಕಂಡಿತು. ಮಾರನೆಯ ದಿನ ಎಣ್ಣೆ ಹಚ್ಚಿ ಬಾಚಿದರೆ ನೆತ್ತಿ ಮೇಲೆಲ್ಲ ಒಂದೊಂದು ಇಂಚಿನ ಮೋಟು ಕೂದಲು ಗರಿಕೆ ಹಾಗೆ ನಿಂತಿತ್ತು. ಜಡೆಗೂ ಸೇರುವುದಿಲ್ಲ, ಕ್ಲಿಪ್ಪಿಗೂ ಸಿಗುವುದಿಲ್ಲ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಲೆಕ್ಕ ಹಾಕಿ. ಆ ಮೋಟು ಜಡೆಗೆ ಸೇರುವಷ್ಟು ಬೆಳೆಯಲು ಒಂದೂವರೆ ವರ್ಷ ಹಿಡಿಯಿತು.

ಸಾಗರದ ಚಿಕ್ಕಮ್ಮ: ಅಯ್ಯೋ, ದೊಡ್ಡಣ್ಣನ ಮಗಳ ಮದುವೆಯಲ್ಲಿ ಅಕ್ಕ ಮೂರು ದಿನವೂ ತಲೆ ಮೇಲೆ ಸೆರಗು ಹೊದ್ದುಕೊಂಡೇ ಓಡಾಡಿದ್ದು ಇದಕ್ಕಾ? ಕೇಳಿದರೆ ತಲೆನೋವು ಅಂದಿದ್ದಳು.

ಅಮ್ಮ: ಅದನ್ನು ಈಗ ಯಾಕೆ ಎತ್ತಿದೆ. ಬೆಳೆಯಿತಲ್ಲ ಕೂದಲು.

ನಾನು: ನೀನು ಯಾರಿಗೂ ಹೇಳಲಿಲ್ಲ ಅಮ್ಮ. ನನ್ನ ಹೆಸರು ಕೆಡಬಾರದು ಅಂತ. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಬೆಂಗಳೂರು ತಮ್ಮ: ಅಕ್ಕ ಹೇಳುವುದು ಸರಿ ಅನಿಸುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಕಟಿಂಗ್ ಅಂಗಡಿ ಎಲ್ಲ ಮುಚ್ಚಿತ್ತಲ್ಲ, ಆಗ ನಾನೂ ಆನ್‌ಲೈನ್‌ನಲ್ಲಿ ತರಿಸಿದ್ದೆ. ಮೊದಲ ಸಲ ಚೆನ್ನಾಗಿ ಬಂತು. ಅದೇ ಬ್ಲೇಡಲ್ಲಿ ಎರಡನೆಯ ಸಲ ಮಾಡಿದರೆ ಕೂದಲು ಕಿತ್ತು ಬರುತ್ತಿತ್ತು, ಕಣ್ಣಲ್ಲಿ ನೀರು. ಉಕ್ಕಿನ ಬ್ಲೇಡ್ ಕೂದಲಿನಂಥ ಮೆತ್ತನೆಯ ವಸ್ತುವಿಗೆ ಹೇಗೆ ಮೊಂಡಾಗುತ್ತದೆ ಅಂತ ನನಗೆ ಆಶ್ಚರ್ಯ. ಆಮೇಲೆ ಓದಿದೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಅದೇ 2020ರಲ್ಲಿ ಇದನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ್ದಾರೆ. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗೆ. ಆದರೂ ಕೂದಲು ಬಾಗಿಕೊಂಡು ಅಂಚಿಗೆ ಓರೆಯಾಗಿ ತಾಗಿದಾಗ ಅಂಚಿನ ಚೂರೇ ಕಿತ್ತು ಹೋಗುತ್ತದಂತೆ. ಬಾಚಣಿಗೆಯಲ್ಲಿ ಎಳೆಯುವಾಗ ಕೂದಲು ಬಾಗಿಯೇ ಇರುತ್ತದೆ ಅಲ್ವಾ, ಹಾಗಾಗಿ ಒಂದು ತಲೆಗೇ ಬ್ಲೇಡ್ ಸತ್ತು ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ನಾನು: ಹೌದು. ಮೊಂಡು ಬ್ಲೇಡ್ ಕೂದಲನ್ನು ಕತ್ತರಿಸುವುದಿಲ್ಲ, ಸುಲಿಯುತ್ತದೆ. ಕೂದಲಿನ ಮೇಲೆ ನಮ್ಮ ಹಂಚಿನ ಮನೆಯ ಮಾಡು ಹಾಗೆ ಒಂದರ ಮೇಲೊಂದು ಜೋಡಿಸಿದ ಪದರ ಇರುತ್ತದೆ. ಬ್ಲೇಡ್ ಓರೆಯಾಗಿ ಕೆರೆದರೆ ಆ ಹಂಚೆಲ್ಲ ಎದ್ದು ಒಳಗಿನ ತಿರುಳು ಹೊರಗೆ ಬೀಳುತ್ತದೆ. ಆಮೇಲೆ ತುದಿ ಸೀಳಿ ಎರಡಾಗುತ್ತದೆ, ಪೊರಕೆ ಕಡ್ಡಿ ಹಾಗೆ ಒರಟಾಗುತ್ತದೆ. ಗುಂಗುರು ಕೂದಲಿಗೆ ಇದು ಇನ್ನೂ ಜಾಸ್ತಿ. ತಂಗಿ, ಪುಟ್ಟಿಗೆ ಇದನ್ನು ಮುಟ್ಟಿಸಲೇಬೇಡ. ಗುಂಗುರು ಒಂದಕ್ಕೊಂದು ಸುತ್ತಿಕೊಂಡು ಗೊಂಚಲಾಗಿ ಕೂತರೇ ಚೆಂದ. ಮಧ್ಯೆ ಮಧ್ಯೆ ಕತ್ತರಿಸಿದರೆ ಗೊಂಚಲು ಬಿಚ್ಚಿಕೊಳ್ಳುತ್ತದೆ. ಒಳಗಿನ ಮೋಟು ಕೂದಲು ಬೆಳೆಯುತ್ತಾ ಮೇಲಿನ ಉದ್ದ ಕೂದಲನ್ನು ಎತ್ತಿ ಹಿಡಿಯುತ್ತದೆ. ನೀನು ಇಳಿಸಲು ಹೊರಟದ್ದು ತಿಂಗಳು ಒಂದೂವರೆ ತಿಂಗಳಲ್ಲಿ ಇನ್ನಷ್ಟು ಉಬ್ಬುತ್ತದೆ. ಬೆವರುಸಾಲೆಗೆ ಕೂದಲು ಮೇಲಕ್ಕೆತ್ತಿ ಸಡಿಲವಾಗಿ ಎರಡು ಜಡೆ ಹಾಕು, ತುದಿ ಮಾತ್ರ ಕತ್ತರಿಯಲ್ಲಿ ಸಮ ಮಾಡು, ಸಾಕು.

ಚಿಕ್ಕಮ್ಮ, ಬೋಳಿಸಿದರೆ ದಟ್ಟ ಬರುತ್ತದೆ ಅನ್ನುವುದನ್ನು ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಮೆರಿಕದ ತಜ್ಞೆ 1928ರಲ್ಲೇ ಗಂಡಸರ ಗಡ್ಡದ ಮೇಲೆ ಅಳೆದು ನೋಡಿದ್ದಾರೆ. ದಪ್ಪವೂ ಬದಲಾಗಲಿಲ್ಲ, ಬೆಳೆಯುವ ವೇಗವೂ ಬದಲಾಗಲಿಲ್ಲ. ಬೇರು ಇರುವುದು ಚರ್ಮದ ಒಳಗೆ, ಮೇಲೆ ಏನು ಮಾಡಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಸಿಗುತ್ತದೆ, ಅಷ್ಟೇ. ಮುಡಿ ಕೊಡುವುದು ಹರಕೆಗೆ, ಅದನ್ನು ನಾನು ಏನೂ ಅನ್ನುವುದಿಲ್ಲ. ತಂಗಿಯ ಜಡೆ ಮಾತ್ರ ಅಜ್ಜಿಯಿಂದ ಬಂದದ್ದು.

ಹಾಸನದ ಮಾವ: ಎಲ್ಲ ಸರಿ. ಆದರೆ ನಾವು ನಾಲ್ಕು ವರ್ಷ ಉಪಯೋಗಿಸಿದೆವು, ಯಾರಿಗೂ ಏನೂ ಆಗಲಿಲ್ಲ. ಅಡುಗೆಮನೆಯಲ್ಲಿ ಈಳಿಗೆಮಣೆ ಇದೆ, ಅದು ಬ್ಲೇಡ್ ಅಲ್ಲವಾ? ಹೆದರಿಸಿದರೆ ಯಾವ ಕೆಲಸವೂ ಕಲಿಯಲು ಆಗುವುದಿಲ್ಲ. ಇಲ್ಲಿ ಮಂಗಳವಾರ ಕಟಿಂಗ್ ಅಂಗಡಿ ರಜಾ, ಭಾನುವಾರ ಹೋದರೆ ಎರಡು ಗಂಟೆ ಕಾಯಬೇಕು. ನನ್ನ ವಯಸ್ಸಿನವನಿಗೆ ಆ ಬೆಂಚಿನ ಮೇಲೆ ಕೂರಲು ಆಗುವುದಿಲ್ಲ.

ಬೆಂಗಳೂರು ತಮ್ಮ: ನಾಲ್ಕು ಜನಕ್ಕೂ ಒಂದೇ ಬ್ಲೇಡ್ ಅಂದಿರಲ್ಲ ಮಾವ, ನನಗೆ ಭಯ ಆಗಿದ್ದು ಅದನ್ನು ಓದಿದಾಗ.

ನಾನು: ನನಗೂ. ರಕ್ತದಿಂದ ಹರಡಿ ಲಿವರ್‌ಗೆ ತೊಂದರೆ ಕೊಡುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ, ಒಣಗಿದ ರಕ್ತದಲ್ಲಿ ಕೂಡ ಕಡಿಮೆ ಎಂದರೆ 7 ದಿನ ಬದುಕಿರುತ್ತದೆ. ರಕ್ತ ಕಣ್ಣಿಗೆ ಕಾಣಲೇಬೇಕು ಅಂತಿಲ್ಲ. ಸಲೂನ್‌ನಲ್ಲಿ ನಮ್ಮ ಕಣ್ಣೆದುರೇ ಹೊಸ ಬ್ಲೇಡ್ ಮುರಿದು ಹಾಕಲಿ ಅಂತ ಕೇಳುತ್ತೇವಲ್ಲ, ಮನೆಗೆ ಬಂದರೆ ನಮ್ಮವರೇ ಅಂತ ಮರೆತು ಬಿಡುತ್ತೇವೆ. ಒಂದು ತಲೆಗೆ ಒಂದು ಬ್ಲೇಡ್. ಗಂಡ ಹೆಂಡತಿ ಆದರೂ ಅಷ್ಟೇ. ಬ್ಲೇಡ್‌ಗೆ ಎಷ್ಟು ಮಹಾ ದುಡ್ಡು.

ಈಳಿಗೆಮಣೆ ಮಾತು ಒಪ್ಪುತ್ತೇನೆ ಮಾವ. ಆದರೆ ಈಳಿಗೆ ಈಳಿಗೆ ಹಾಗೆಯೇ ಕಾಣುತ್ತದೆ, ಮಗು ಅದರಿಂದ ತಲೆ ಬಾಚಿಕೊಳ್ಳಲು ಹೋಗುವುದಿಲ್ಲ. ಇದು ಕನ್ನಡಿ ಹತ್ತಿರ ಬೇರೆ ಬಾಚಣಿಗೆ ಜೊತೆ ಬಿದ್ದಿದ್ದರೆ? ಬೆಳಗ್ಗೆ ಸ್ಕೂಲಿನ ಗಡಿಬಿಡಿಯಲ್ಲಿ ಯಾರಾದರೂ ಎತ್ತಿಕೊಂಡರೆ?

ಹಾಸನದ ಅತ್ತೆ: ನಾನು ಇಷ್ಟು ಹೊತ್ತು ಓದುತ್ತಾ ಇದ್ದೆ. ಇವರು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ನಿನ್ನೆ ಸಂಜೆ ಬಚ್ಚಲಮನೆಯಲ್ಲಿ ಒಬ್ಬರೇ ಮಾಡಿಕೊಂಡರು. ಕಿವಿಯ ಹಿಂದೆ ಕುಯ್ದುಕೊಂಡಿದ್ದಾರೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಾರಲ್ಲ, ನಿಲ್ಲಲೇ ಇಲ್ಲ. ಟವೆಲ್ ಒತ್ತಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ಗುಂಪಿನಲ್ಲಿ ಹೇಳಬೇಡ ಅಂದಿದ್ದರು. ಬೆಳಗ್ಗೆ ಎದ್ದವರೇ ಈ ವಿಡಿಯೊ ಹಾಕಿದ್ದಾರೆ.

ಡಲ್ಲಾಸ್ ತಂಗಿ: ಮಾವ!

ಸಾಗರದ ಚಿಕ್ಕಮ್ಮ: ಅಣ್ಣ, ಏನಿದು. ಈಗ ಹೇಗಿದೆ?

ನಾನು: ಅತ್ತೆ, ಈಗ ರಕ್ತ ಜಿನುಗುತ್ತಿದೆಯಾ? ಗಾಯದ ಬಾಯಿ ಬಿಟ್ಟುಕೊಂಡಿದೆಯಾ? ಇವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಟಿಟಿ ಇಂಜೆಕ್ಷನ್ ಕೊನೆಗೆ ಯಾವಾಗ ಆಗಿದ್ದು ಅಂತ ಕೇಳುತ್ತಾರೆ, ಚೀಟಿ ಇದ್ದರೆ ಹಿಡಿದುಕೊಳ್ಳಿ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಇರುವವರು ನಿಲ್ಲಿಸಿದರೆ ಅದೇ ದೊಡ್ಡ ಅಪಾಯ. ನೆತ್ತಿ, ಕಿವಿಯ ಹಿಂದೆ ಎಲ್ಲ ರಕ್ತನಾಳ ಜಾಸ್ತಿ. ಚಿಕ್ಕ ಗಾಯವಾದರೂ ತುಂಬಾ ಸುರಿಯುತ್ತದೆ. ಒತ್ತಿ ಹಿಡಿದು ಕೂತಿರಲ್ಲ, ಸರಿಯಾಗಿಯೇ ಮಾಡಿದಿರಿ.

ಹಾಸನದ ಅತ್ತೆ: ಈಗ ಜಿನುಗುತ್ತಿಲ್ಲ. ಹನ್ನೊಂದಕ್ಕೆ ಹೋಗುತ್ತೇವೆ.

ಹಾಸನದ ಮಾವ: ಕೈ ಜಾರಿತು, ಅಷ್ಟೇ. ಕಿವಿಯ ಹಿಂದೆ ಕಾಣುವುದಿಲ್ಲವಲ್ಲ. ಕನ್ನಡಿಯಲ್ಲಿ ಎಡ ಬಲ ತಿರುವುಮುರುವು ಆಯಿತು. ಹಾಸ್ಟೆಲ್‌ನಲ್ಲಿ ಒಬ್ಬರಿಗೊಬ್ಬರು ಮಾಡುತ್ತಿದ್ದೆವು, ಒಬ್ಬನೇ ಯಾವತ್ತೂ ಮಾಡಿಕೊಂಡಿರಲಿಲ್ಲ. ಅದು ನನಗೆ ಹೊಳೆಯಲಿಲ್ಲ.

ನಾನು: ಅದೇ ಮಾವ. ಇನ್ನೊಬ್ಬರ ಕೈ ಬೇಕು ಇದಕ್ಕೆ. ನೀವಿನ್ನು ಇದನ್ನು ಉಪಯೋಗಿಸಬೇಡಿ, ಆ ಮಾತ್ರೆ ಇರುವವರೆಗೆ ಬ್ಲೇಡ್ ಬೇಡವೇ ಬೇಡ. ಬ್ಯಾಟರಿ ಟ್ರಿಮ್ಮರ್‌ಗೆ ಮೇಲೆ ಪ್ಲಾಸ್ಟಿಕ್ ಗಾರ್ಡ್ ಹಾಕಿ ಅತ್ತೆ ಕೈಯಲ್ಲಿ ಮಾಡಿಸಿಕೊಳ್ಳಿ, ಚರ್ಮಕ್ಕೆ ತಾಗುವುದಿಲ್ಲ. ನಾನೇ ಒಂದು ಕಳಿಸುತ್ತೇನೆ.

ಡಲ್ಲಾಸ್ ತಂಗಿ: ಅಕ್ಕ, ಪುಟ್ಟಿಗೆ ಬೇಡ, ಒಪ್ಪಿದೆ. ಇವರದು ನೆಟ್ಟಗಿನ ದಪ್ಪ ಕೂದಲು. ಇವರಿಗಾದರೂ ಮಾಡಬಹುದಾ? ಮಾಡುವುದಾದರೆ ಸರಿಯಾಗಿ ಹೇಳಿಕೊಡು.

ನಾನು: ಮಾಡಬಹುದು. ಇವರ ಥರದ ಕೂದಲಿಗೇ ಅದು ಇರುವುದು. ಕತ್ತರಿಯಲ್ಲಿ ತುದಿ ಗೆರೆ ಎಳೆದ ಹಾಗೆ ಕಾಣುತ್ತದೆ, ಇದರಲ್ಲಿ ಒಂದು ಉದ್ದ ಒಂದು ಗಿಡ್ಡ ಆಗಿ ಮೃದುವಾಗಿ ಇಳಿಯುತ್ತದೆ. ಅದನ್ನು ನಾನು ಇಷ್ಟಪಟ್ಟೇ ಮಾಡುತ್ತೇನೆ.

ಮೊದಲು ತಲೆಸ್ನಾನ, ಟವೆಲ್‌ನಲ್ಲಿ ಒರೆಸಿ, ನೀರು ತೊಟ್ಟಿಕ್ಕಬಾರದು ಆದರೆ ಒದ್ದೆ ಇರಬೇಕು. ಒಣ ಕೂದಲಲ್ಲಿ ಬ್ಲೇಡ್ ಕಚ್ಚಿಕೊಳ್ಳುತ್ತದೆ, ಎಳೆಯುತ್ತದೆ. ಆದರೆ ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದ ಮೇಲೆ ಗಿಡ್ಡ ಕಾಣುತ್ತದೆ, ಆದ್ದರಿಂದ ನಿನಗೆ ಬೇಕಾದ್ದಕ್ಕಿಂತ ಕಡಿಮೆಯೇ ತೆಗೆ. ಮಾಮೂಲಿ ಬಾಚಣಿಗೆಯಿಂದ ಸಿಕ್ಕು ಪೂರ್ತಿ ಬಿಡಿಸು. ಸಿಕ್ಕಿನ ಮೇಲೆ ಬ್ಲೇಡ್ ಹೋದರೆ ಒಂದು ಕುಚ್ಚೇ ಹೋಗುತ್ತದೆ. ಆಮೇಲೆ ಒಂದಿಷ್ಟು ಕೂದಲು ತೆಗೆದುಕೊಂಡು ಎರಡು ಬೆರಳಿನ ಮಧ್ಯೆ ಬಿಗಿಯಾಗಿ ಹಿಡಿ. ಬೆರಳು ಬುಡದ ಕಡೆ, ಬ್ಲೇಡ್ ಬೆರಳಿನಿಂದ ಆಚೆಗೆ, ತುದಿಯ ಕಡೆಗೆ ಮಾತ್ರ ಹೋಗಬೇಕು. ನಿನ್ನ ಕೈಯೇ ಬೇಲಿ, ಅದರಿಂದ ಈಚೆಗೆ ಬ್ಲೇಡ್ ಬರಲೇಬಾರದು. ಹಲ್ಲು ದೂರ ದೂರ ಇರುವ ಕಡೆಯಿಂದ ಶುರು ಮಾಡು. ಬಾಚಣಿಗೆ ಕೂದಲಿಗೆ ಚಪ್ಪಟೆಯಾಗಿ ಮಲಗಿದ್ದರೆ ಸ್ವಲ್ಪವೇ ಕತ್ತರಿಸುತ್ತದೆ, ನೆಟ್ಟಗೆ ಎತ್ತಿದಷ್ಟೂ ಜಾಸ್ತಿ. ಹೊಸಬರು ಮಾಡುವ ತಪ್ಪು ಇದೇ, ಏನೂ ಬೀಳುತ್ತಿಲ್ಲ ಅಂತ ಎತ್ತಿ ಒತ್ತುತ್ತಾರೆ. ಎರಡು ಸಲ ಎಳೆ, ನಿಲ್ಲಿಸು, ಮಾಮೂಲಿ ಬಾಚಣಿಗೆಯಿಂದ ಬಾಚಿ ಉದುರಿದ್ದನ್ನು ಕೆಳಗೆ ಬೀಳಿಸು, ನೋಡು. ಬೈತಲೆ, ಹಣೆಯ ಅಂಚು, ಕಿವಿಯ ಸುತ್ತ, ಕತ್ತಿನ ಗೆರೆ ಇವುಗಳ ಹತ್ತಿರ ತರಬೇಡ.

ಹಾಸನದ ಮಾವ: ನಮ್ಮ ಹತ್ತಿರ ಇರುವ ಬ್ಲೇಡ್ ಏನು ಮಾಡುವುದು? ಕಸದ ಡಬ್ಬಿಗೆ ಹಾಕಿಬಿಡಲಾ?

ನಾನು: ಹಾಗೆಯೇ ಹಾಕಬೇಡಿ ಮಾವ. ಕಸ ಬೇರೆ ಮಾಡುವವರು ಬರಿಗೈಯಲ್ಲಿ ಹೆಕ್ಕುತ್ತಾರೆ. ಮುಚ್ಚಳ ಬಿಗಿಯಾಗಿರುವ ಹಳೇ ಡಬ್ಬಿಯೊಳಗೆ ಹಾಕಿ, ಟೇಪ್ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ಬ್ಲೇಡ್ ಅಂತ ಬರೆಯಿರಿ. ಗಾಡಿ ಬಂದಾಗ ಕೈಗೆ ಕೊಟ್ಟು ಬಾಯಲ್ಲೂ ಹೇಳಿ.

ಹಾಸನದ ಮಾವ: ಆಯಿತು. ಆ ವಿಡಿಯೊ ಅಳಿಸುತ್ತೇನೆ. ಇನ್ನೂ ಎರಡು ಗುಂಪಿಗೆ ಹಾಕಿದ್ದೇನೆ, ಅಲ್ಲಿಯೂ ಅಳಿಸುತ್ತೇನೆ. ಪಾರ್ಲರ್ ಬಗ್ಗೆ ಅಂದದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡ ಪುಟ್ಟಾ.

ನಾನು: ಇಲ್ಲ ಮಾವ. ಹನ್ನೊಂದಕ್ಕೆ ಹೋಗಿ ಬಂದು ಡಾಕ್ಟರ್ ಏನಂದರು ಅಂತ ಫೋನ್ ಮಾಡಿ.

ಡಲ್ಲಾಸ್ ತಂಗಿ: ಅಕ್ಕ, ಭಾನುವಾರ ವಿಡಿಯೊ ಕಾಲ್ ಮಾಡಿ ಇವರನ್ನು ಕೂರಿಸಿಕೊಳ್ಳುತ್ತೇನೆ. ನೀನು ನೋಡುತ್ತಾ ಇರು, ನಿಲ್ಲಿಸು ಅಂದಾಗ ನಿಲ್ಲಿಸುತ್ತೇನೆ. ನಮಗೆ ಬೆಳಗ್ಗೆ ಒಂಬತ್ತು ಆದರೆ ನಿನಗೆ?

ನಾನು: ಸಂಜೆ ಏಳೂವರೆ. ಅಂಗಡಿ ಮುಚ್ಚಿರುತ್ತೇನೆ. ಹೊಸ ಬ್ಲೇಡ್, ನೀರಿನ ಸ್ಪ್ರೇ ಬಾಟಲಿ, ನಾಲ್ಕು ಕ್ಲಿಪ್ ಎತ್ತಿಟ್ಟುಕೊ. ಪುಟ್ಟಿಯನ್ನು ಬೇರೆ ರೂಮಿನಲ್ಲಿ ಆಟಕ್ಕೆ ಬಿಡು.