ಆಟದ ಸಿ.ಡಿ. ಅರ್ಧದಲ್ಲೇ ನಿಲ್ಲುತ್ತಿದೆ: ಗೀರಿನ ತೊಂದರೆಯೋ, ವಿಂಡೋಸ್ ತೊಂದರೆಯೋ?

ಕಬ್ಬಿನಾಲೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಮನೆ ಬದಲಾಯಿಸುವಾಗ ಅಟ್ಟದ ಪೆಟ್ಟಿಗೆಯೊಂದರಲ್ಲಿ ‘ನೀಡ್ ಫಾರ್ ಸ್ಪೀಡ್: ಅಂಡರ್‌ಗ್ರೌಂಡ್’ ಆಟದ ಎರಡು ಸಿ.ಡಿ.ಗಳು ಸಿಕ್ಕವು. 2003ರ ಆಟ, ಅಸಲಿ ಡಿಸ್ಕ್‌ಗಳು, ಜೊತೆಗೆ ಕೈಪಿಡಿಯೂ ಇದೆ. ಅಕ್ಕನ ಮಗ ರಜೆಗೆ ಬಂದಿದ್ದಾನೆ, ಅವನಿಗೆ ತೋರಿಸೋಣ ಎಂದುಕೊಂಡೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇದೆ. ಡ್ರೈವ್ ಇಲ್ಲದ ಕಾರಣ ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಕೊಂಡೆ.

ಇನ್‌ಸ್ಟಾಲ್ ಶೇಕಡ 67ರವರೆಗೆ ಸಲೀಸಾಗಿ ಹೋಗುತ್ತದೆ. ಆಮೇಲೆ ಡ್ರೈವ್ ಟಕ್ ಟಕ್ ಎನ್ನುತ್ತದೆ, ಡಿಸ್ಕ್ ತಿರುಗುವುದು ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೆ ಫೈಲ್ ಓದಲಾಗುತ್ತಿಲ್ಲ ಎಂಬ ಸಂದೇಶ. ಒಂದು ಡಿಸ್ಕಿನ ಮೇಲೆ ಗೀರುಗಳಿವೆ, ಇನ್ನೊಂದು ಕನ್ನಡಿಯಂತಿದೆ. ವಿಂಡೋಸ್ 10ರಲ್ಲಿ ಈ ಆಟ ನಡೆಯುವುದಿಲ್ಲ ಎಂದು ಪಕ್ಕದ ಮನೆಯ ಹುಡುಗ ಹೇಳುತ್ತಾನೆ. ಹಾಗಿದ್ದರೆ 67ರವರೆಗೆ ಹೇಗೆ ಬಂತು?

ಒಂಟಿಕೊಪ್ಪಲು (ಮೈಸೂರು):

ಟೂತ್‌ಪೇಸ್ಟ್ ಹಚ್ಚಿ ಉಜ್ಜಿ, ತೊಳೆದು ಹಾಕಿ ನೋಡಿ ಸರ್. ನಮ್ಮ ಕಾಲೇಜು ದಿನಗಳಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದೆವು. ವಿಭೂತಿಯೂ ಆಗುತ್ತದೆ ಎನ್ನುತ್ತಾರೆ.

ಹಳೆ ಡ್ರೈವ್ (ಮೈಸೂರು):

ದಯವಿಟ್ಟು ಈಗಲೇ ಏನನ್ನೂ ಹಚ್ಚಬೇಡಿ. ಟೂತ್‌ಪೇಸ್ಟ್‌ನಲ್ಲಿ ಸಣ್ಣ ಹರಳುಗಳಿರುತ್ತವೆ. ಅವು ಪ್ಲಾಸ್ಟಿಕ್ಕನ್ನು ತೇಯುತ್ತವೆ. ಒಂದೊಂದು ಸಲ ಗೀರಿನ ಅಂಚು ನಯವಾಗಿ ಡಿಸ್ಕ್ ಓದುವುದೂ ಉಂಟು, ಇದ್ದದ್ದೂ ಹೋಗುವುದೂ ಉಂಟು. ಬೇರೆ ದಾರಿಗಳೆಲ್ಲ ಮುಗಿದ ಮೇಲೆ ಮಾಡುವ ಕೆಲಸ ಅದು. ವಿಭೂತಿ ದೇವರ ಮನೆಯಲ್ಲೇ ಇರಲಿ.

ಪಕ್ಕದ ಮನೆಯ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜವಿದೆ, ಆದರೆ ನಿಮ್ಮ ಈಗಿನ ತೊಂದರೆ ಅದಲ್ಲ. ‘ಇನ್‌ಸ್ಟಾಲ್ ಆಗುತ್ತಿಲ್ಲ’ ಎಂದು ಬರುವವರಲ್ಲಿ ಕೆಲವರ ಡಿಸ್ಕ್ ಓದುವುದಿಲ್ಲ, ಕೆಲವರ ಸೆಟಪ್ ಪ್ರೋಗ್ರಾಂ ಹೊಸ ವಿಂಡೋಸ್‌ಗೆ ಒಗ್ಗುವುದಿಲ್ಲ, ಮತ್ತೆ ಕೆಲವರಿಗೆ ಎಲ್ಲವೂ ಮುಗಿದು ಆಟ ಶುರುವಾಗುವ ಹೊತ್ತಿಗೆ ನಕಲು ತಡೆಯುವ ಬೀಗ ಅಡ್ಡ ಬರುತ್ತದೆ. ಸೆಟಪ್ ಒಗ್ಗದಿದ್ದರೆ ಮೊದಲ ಕಿಟಕಿಯೇ ತೆರೆಯುತ್ತಿರಲಿಲ್ಲ. ಬೀಗ ಎದುರಾಗುವುದು ಇನ್‌ಸ್ಟಾಲ್ ಮುಗಿದ ಮೇಲೆ. ನಡುದಾರಿಯಲ್ಲಿ, ಅದೂ ಸದ್ದು ಮಾಡಿಕೊಂಡು ನಿಂತಿದೆ ಎಂದರೆ ಡ್ರೈವ್‌ಗೆ ಡಿಸ್ಕ್ ಓದಲಾಗುತ್ತಿಲ್ಲ.

ಖಚಿತಪಡಿಸಿಕೊಳ್ಳಲು ಸೆಟಪ್ ಬಿಟ್ಟುಬಿಡಿ. ಡಿಸ್ಕಿನಲ್ಲಿರುವ ಫೈಲುಗಳನ್ನೆಲ್ಲ ಆರಿಸಿ ಹಾರ್ಡ್ ಡಿಸ್ಕಿನ ಒಂದು ಫೋಲ್ಡರಿಗೆ ನಕಲು ಮಾಡಿ. ‘ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂಬ ದೋಷ ಬಂದರೆ ಆಟಕ್ಕೂ ವಿಂಡೋಸ್ ಆವೃತ್ತಿಗೂ ಅಲ್ಲಿ ಏನೂ ಸಂಬಂಧವಿಲ್ಲ, ದತ್ತಾಂಶವೇ ಸರಿಯಾಗಿ ಬರುತ್ತಿಲ್ಲ. ನಕಲು ಪೂರ್ತಿಯಾದರೆ ಆ ಫೋಲ್ಡರಿನಿಂದಲೇ ಸೆಟಪ್ ಓಡಿಸಿ.

ಅದಕ್ಕೂ ಮೊದಲು ಒಂದು ಪ್ರಶ್ನೆ: ಡ್ರೈವನ್ನು ಯುಎಸ್‌ಬಿ ಹಬ್‌ಗೆ ಚುಚ್ಚಿದ್ದೀರಾ? ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3.0 ಕಿಂಡಿ 900. ವಿದ್ಯುತ್ ಪೂರೈಕೆಯೇ ಇಲ್ಲದ ಅಗ್ಗದ ಹಬ್‌ನಲ್ಲಿ ಅದನ್ನೂ ಮೌಸು, ಕೀಲಿಮಣೆ, ಪೆನ್‌ಡ್ರೈವ್‌ಗಳು ಹಂಚಿಕೊಂಡಿರುತ್ತವೆ. ಆಗ ಡಿಸ್ಕ್ ತಿರುಗಿ ನಿಂತು ತಿರುಗುವುದು ಸಾಮಾನ್ಯ. ನೇರವಾಗಿ ಲ್ಯಾಪ್‌ಟಾಪಿನ ಕಿಂಡಿಗೇ ಹಾಕಿ.

ಕಬ್ಬಿನಾಲೆ (ಮಂಡ್ಯ):

ಹಬ್‌ನಲ್ಲೇ ಇತ್ತು. ನೇರವಾಗಿ ಹಾಕಿದೆ, ನಿಂತು ತಿರುಗುವುದು ಕಡಿಮೆಯಾಯಿತು. ಕನ್ನಡಿಯಂತಿರುವ ಡಿಸ್ಕ್ ಪೂರ್ತಿ ನಕಲಾಯಿತು. ಗೀರಿನ ಡಿಸ್ಕಿನಲ್ಲಿ ಒಂದು ದೊಡ್ಡ ಫೈಲಿನ ಹತ್ತಿರ ನೀವು ಹೇಳಿದ ದೋಷವೇ ಬಂತು. ಎರಡು ಬಗೆಯ ಗೀರುಗಳಿವೆ: ನಡುವಿನಿಂದ ಅಂಚಿನ ಕಡೆಗೆ ಎದ್ದು ಕಾಣುವ ಒಂದು ದಪ್ಪ ಗೆರೆ, ಹೊರ ಅಂಚಿನ ಬಳಿ ಬಳೆಯಂತೆ ಸುತ್ತಿಕೊಂಡಿರುವ ತೆಳು ಗೆರೆಗಳು. ದಪ್ಪ ಗೆರೆಯೇ ತೊಂದರೆ ಕೊಡುತ್ತಿರಬೇಕು ಅಲ್ಲವೇ?

ಹಳೆ ಡ್ರೈವ್ (ಮೈಸೂರು):

ಅಲ್ಲ, ತೆಳು ಗೆರೆಗಳು. ಸಿ.ಡಿ.ಯಲ್ಲಿ ದತ್ತಾಂಶ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಹೋಗುತ್ತದೆ. ಜೊತೆಗೆ ದೋಷ ತಿದ್ದುವ ಹೆಚ್ಚುವರಿ ಮಾಹಿತಿಯನ್ನೂ ಬರೆದಿರುತ್ತಾರೆ. ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಭಾಗ ಅಳಿಸಿಹೋದರೂ ಡ್ರೈವ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ನೀವು ಮಂಡ್ಯದವರು, ಹೀಗೆ ಹೇಳಿದರೆ ಬೇಗ ಹಿಡಿಸುತ್ತದೆ: ಕಬ್ಬಿನ ಗದ್ದೆಯನ್ನು ಗಾಡಿ ಅಡ್ಡಡ್ಡ ದಾಟಿದರೆ ಪ್ರತಿ ಸಾಲಿನಲ್ಲೂ ಒಂದೆರಡು ಬುಡ ಹೋಗುತ್ತವೆ, ಸಾಲು ಹಿಡಿದೇ ಹೊರಟರೆ ಆ ಸಾಲೇ ಹೋಗುತ್ತದೆ. ದಪ್ಪ ಗೆರೆ ಪ್ರತಿ ಸುತ್ತನ್ನೂ ಕ್ಷಣ ಮಾತ್ರ ದಾಟುತ್ತದೆ. ಬಳೆಯಂಥ ಗೆರೆ ಸುತ್ತಿನ ಜೊತೆಜೊತೆಗೇ ಸಾಗುವುದರಿಂದ 2.5 ಮಿಲಿಮೀಟರಿನ ಮಿತಿ ಮೀರುತ್ತದೆ. ಡಿಸ್ಕನ್ನು ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಒರೆಸಬಾರದು ಎನ್ನುವುದು ಇದಕ್ಕೇ. ಹೊರ ಅಂಚಿನಲ್ಲಿರುವುದು ಕೊನೆಯಲ್ಲಿ ಬರೆದ ದತ್ತಾಂಶ. ಡಿಸ್ಕ್ ಆರಂಭದಲ್ಲಿ ಸಲೀಸಾಗಿ ಓದಿ ಆಮೇಲೆ ಮುಗ್ಗರಿಸಿದ್ದು ಅದಕ್ಕೂ ತಾಳೆಯಾಗುತ್ತದೆ.

ಈಗ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು, ಹೊಳೆಯುವ ಬದಿಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಅಲ್ಯೂಮಿನಿಯಂ ಪದರವೇ ಎದ್ದುಹೋಗಿದೆ. ಸಿ.ಡಿ.ಯ ಒಟ್ಟು ದಪ್ಪ 1.2 ಮಿಲಿಮೀಟರ್. ದತ್ತಾಂಶ ಇರುವುದು ಚಿತ್ರ ಅಚ್ಚಾಗಿರುವ ಮೇಲ್ಬದಿಗೆ ತೀರ ಹತ್ತಿರದಲ್ಲಿ, ಅರಗಿನ ತೆಳುಪದರವೊಂದೇ ಅದಕ್ಕೆ ಕಾವಲು. ಜನ ಹೊಳೆಯುವ ಬದಿಯನ್ನು ಜೋಪಾನ ಮಾಡಿ, ಮೇಲ್ಬದಿಯ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆಯುತ್ತಾರೆ! ಅಲ್ಲಿ ಕಿತ್ತುಬಂದರೆ ಯಾವ ಪಾಲಿಶೂ ಉಪಯೋಗಕ್ಕೆ ಬರುವುದಿಲ್ಲ. ನಡುವಿನ ರಂಧ್ರದ ಸುತ್ತ ಬಿರುಕು ಕಂಡರಂತೂ ಡ್ರೈವ್‌ಗೆ ಹಾಕಲೇಬೇಡಿ, ಆ ವೇಗದಲ್ಲಿ ಡಿಸ್ಕ್ ಒಳಗೇ ಚೂರಾಗಬಹುದು.

ಚುಕ್ಕೆ, ಬಿರುಕು ಇಲ್ಲದಿದ್ದರೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿದ ನೀರಿನಲ್ಲಿ ಬೆರಳ ತುದಿಯಿಂದ ತೊಳೆದು, ತೊಳೆದು ಮೆತ್ತಗಾದ ಹತ್ತಿ ಪಂಚೆಯ ತುಂಡಿನಿಂದ ಒರೆಸಿ. ಪ್ಲಾಸ್ಟಿಕ್ ಪೌಚಿನಲ್ಲಿ ವರ್ಷಗಟ್ಟಲೆ ಇದ್ದ ಡಿಸ್ಕಿನ ಮೇಲೆ ಮಂಜಿನಂಥ ಪೊರೆ ಕೂತಿರುತ್ತದೆ. ಅದು ಹೋದರೆ ಅರ್ಧ ಕೆಲಸ ಆದಂತೆ.

ಆಮೇಲೆ ಎರಡೂ ಡಿಸ್ಕ್‌ಗಳ ಪೂರ್ಣ ಪ್ರತಿಬಿಂಬ ಫೈಲ್ ಮಾಡಿ, ಅಂದರೆ ಐಎಸ್‌ಒ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲೂ ಮಾಡಿ ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ‘ಡಿಡಿರೆಸ್ಕ್ಯೂ’ ಪ್ರೋಗ್ರಾಂ ಬಳಸಿ. ಓದಲಾಗದ ಸೆಕ್ಟರ್ (ಡಿಸ್ಕಿನ ದತ್ತಾಂಶದ ಒಂದು ಸಣ್ಣ ತುಂಡು) ಸಿಕ್ಕರೆ ಅದು ಹಟ ಹಿಡಿದು ಕೂರುವುದಿಲ್ಲ. ಮುಂದಿನದನ್ನು ಓದಿ, ಬಿಟ್ಟದ್ದನ್ನು ನಕ್ಷೆ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ನಕ್ಷೆಯನ್ನು ಅಳಿಸಬೇಡಿ.

ಗಂಜಾಂ (ಶ್ರೀರಂಗಪಟ್ಟಣ):

ಇಷ್ಟೆಲ್ಲ ಯಾಕೆ? ಕ್ರ್ಯಾಕ್ ಮಾಡಿದ, ಅಂದರೆ ಬೀಗ ಒಡೆದ ಪ್ರತಿ ಇಂಟರ್‌ನೆಟ್‌ನಲ್ಲಿ ಬಿದ್ದಿದೆಯಲ್ಲ, ಹತ್ತು ನಿಮಿಷದ ಕೆಲಸ.

ಹಳೆ ಡ್ರೈವ್ (ಮೈಸೂರು):

ಬಿದ್ದಿರುವುದನ್ನೆಲ್ಲ ಎತ್ತಿಕೊಂಡವರ ಕಂಪ್ಯೂಟರ್‌ಗಳನ್ನು ನಾನು ಆಗಾಗ ತೊಳೆದುಕೊಡುತ್ತಿರುತ್ತೇನೆ. ಆಟ ಕೆಲಸ ಮಾಡುತ್ತದೆ, ಅದರ ಹಿಂದೆ ಬಂದದ್ದೂ ಕೆಲಸ ಮಾಡುತ್ತದೆ. ಇವರು ದುಡ್ಡು ಕೊಟ್ಟು ಕೊಂಡ ಡಿಸ್ಕ್ ಕೈಯಲ್ಲಿದೆ. ಹಾಳಾಗುವ ಮುನ್ನ ಕಾಪು ಪ್ರತಿ ಮಾಡಿಕೊಳ್ಳಲು ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲೇ ಅವಕಾಶವಿದೆ. ಇನ್ನೊಬ್ಬರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದಕ್ಕೆ 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಮು ಬೇರೆ ಇದೆ. ಕ್ರ್ಯಾಕ್ ವಿಷಯ ಇಲ್ಲಿಗೆ ಬಿಡೋಣ.

ಕಬ್ಬಿನಾಲೆ (ಮಂಡ್ಯ):

ಬೆಳಕಿನ ಚುಕ್ಕೆ ಇಲ್ಲ, ಬಿರುಕಿಲ್ಲ. ತೊಳೆದ ಮೇಲೆ ಗೀರಿನ ಡಿಸ್ಕಿನಲ್ಲಿ ಉಳಿದದ್ದು ಹೊರ ಅಂಚಿನ ಹತ್ತಿರದ ಕೆಲವೇ ಸೆಕ್ಟರ್‌ಗಳು. ಆದರೆ ಗಾಬರಿಯಾದದ್ದು ಇನ್ನೊಂದರಿಂದ. ಕನ್ನಡಿಯಂತಿರುವ ಡಿಸ್ಕ್! ಫೈಲುಗಳೆಲ್ಲ ಚೆನ್ನಾಗಿ ನಕಲಾಗಿದ್ದವು, ಪ್ರತಿಬಿಂಬ ಮಾಡಲು ಹೋದರೆ ಆರಂಭದಲ್ಲೇ ಸಾವಿರಾರು ಸೆಕ್ಟರ್ ಓದಲಾಗುತ್ತಿಲ್ಲ. ಡ್ರೈವ್ ಹಾಳೇ?

ಹಳೆ ಡ್ರೈವ್ (ಮೈಸೂರು):

ಡ್ರೈವ್ ಸರಿಯಾಗಿದೆ, ಡಿಸ್ಕೂ ಸರಿಯಾಗಿದೆ. ನಿಲ್ಲಿಸಿಬಿಡಿ, ಸುಮ್ಮನೆ ಲೇಸರ್ ಸವೆಸಬೇಡಿ. ನೀವು ನೋಡುತ್ತಿರುವುದು ಬೀಗವನ್ನೇ. ಮ್ಯಾಕ್ರೋವಿಷನ್ ಕಂಪನಿಯ ‘ಸೇಫ್‌ಡಿಸ್ಕ್’ ಎಂಬ ರಕ್ಷಣೆಯಲ್ಲಿ ಡಿಸ್ಕಿನ ಆರಂಭದ ಒಂದು ಭಾಗವನ್ನು ಬೇಕೆಂದೇ ಓದಲಾಗದಂತೆ ಅಚ್ಚು ಹಾಕಿರುತ್ತಾರೆ. ಸಾಮಾನ್ಯ ಪ್ರತಿಯಲ್ಲಿ ಆ ದೋಷಗಳು ಇರುವುದಿಲ್ಲವಾದ್ದರಿಂದ ಆಟ ಅದನ್ನು ನಕಲು ಎಂದು ಗುರುತಿಸುತ್ತದೆ. ಅವು ಆಟದ ಫೈಲುಗಳಲ್ಲ, ನಿಮ್ಮ ಫೈಲ್ ನಕಲು ಸಲೀಸಾಗಿ ಮುಗಿದದ್ದು ಅದಕ್ಕೇ. ಹೊಚ್ಚಹೊಸ ಡಿಸ್ಕನ್ನು ಇದೇ ಕಾರಣಕ್ಕೆ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸಿದವರನ್ನು ಕಂಡಿದ್ದೇನೆ. ನಿಮ್ಮಲ್ಲಿ ಬೇರೆ ಆಟಗಳಿದ್ದರೆ ಡಿಸ್ಕಿನ ಫೈಲುಗಳ ನಡುವೆ ‘00000001.ಟಿಎಂಪಿ’ ಎಂಬುದಿದೆಯೇ ನೋಡಿ, ಇದ್ದರೆ ಅಲ್ಲಿಯೂ ಇದೇ ಬೀಗ.

ಗೀರಿನ ಡಿಸ್ಕಿನಲ್ಲಿ ಉಳಿದ ಸೆಕ್ಟರ್‌ಗಳಿಗೆ ಬೇರೆ ಡ್ರೈವ್ ಬೇಕು. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುವುದು ಮಾಮೂಲು. ನನ್ನ ಬಳಿ ಡೆಸ್ಕ್‌ಟಾಪಿನ ಹಳೆಯ ಸಿ.ಡಿ. ಡ್ರೈವ್ ಇದೆ. ಭಾನುವಾರ ಮೈಸೂರಿಗೆ ಬರುವ ಕೆಲಸವಿದ್ದರೆ ಸರಸ್ವತಿಪುರಂ ಕಡೆ ಬನ್ನಿ. ಡಿಸ್ಕ್, ಅರ್ಧ ಆದ ಪ್ರತಿಬಿಂಬ, ನಕ್ಷೆ ಫೈಲ್ ಮೂರೂ ತನ್ನಿ. ನಕ್ಷೆ ಇದ್ದರೆ ಬಿಟ್ಟುಹೋದ ಸೆಕ್ಟರ್‌ಗಳನ್ನಷ್ಟೇ ಓದಿದರೆ ಸಾಕು.

ಕಬ್ಬಿನಾಲೆ (ಮಂಡ್ಯ):

ಪ್ಯಾಸೆಂಜರ್ ರೈಲಿಗೆ ಹೋಗಿ ಬಂದೆ. ಅವರ ಡ್ರೈವ್ ಕಾಫಿ ಮುಗಿಯುವುದರೊಳಗೆ ಉಳಿದದ್ದನ್ನೆಲ್ಲ ಓದಿ ಮುಗಿಸಿತು. ಗೀರಿನ ಡಿಸ್ಕಿಗೆ ಐಎಸ್‌ಒ, ಇನ್ನೊಂದಕ್ಕೆ ಅಸಲಿ ಡಿಸ್ಕನ್ನೇ ಬಳಸಿ ಇನ್‌ಸ್ಟಾಲ್ ಮಾಡಿದೆ, ಶೇಕಡ 100 ಆಯಿತು. ಅಕ್ಕನ ಮಗ ಚಪ್ಪಾಳೆ ತಟ್ಟಿದ. ಆಟದ ಚಿತ್ರಿಕೆ ಒತ್ತಿದರೆ ಏನೂ ಆಗುವುದಿಲ್ಲ, ಡಿಸ್ಕ್ ಒಮ್ಮೆ ತಿರುಗಿ ಸುಮ್ಮನಾಗುತ್ತದೆ. ಹಳೆಯ ವಿಂಡೋಸ್‌ನಲ್ಲಿರುವಂತೆ ನಡೆಸುವ ಕಂಪ್ಯಾಟಿಬಿಲಿಟಿ ಮೋಡ್ ಹಾಕಿಯೂ ನೋಡಿದೆ.

ಹಳೆ ಡ್ರೈವ್ (ಮೈಸೂರು):

ಪಕ್ಕದ ಮನೆಯ ಹುಡುಗ ಹೇಳಿದ್ದು ಈ ಹಂತಕ್ಕೆ ನಿಜ. ಸೇಫ್‌ಡಿಸ್ಕ್ ಕೆಲಸ ಮಾಡಲು ವಿಂಡೋಸ್ ಒಳಗೆ ‘ಸೆಕ್‌ಡ್ರೈವ್’ ಎಂಬ ಒಂದು ಚಾಲಕ (ಡ್ರೈವರ್) ಬೇಕು. ಅದರಲ್ಲಿ ಭದ್ರತೆಯ ದೋಷ 2007ರಲ್ಲೇ ಬೆಳಕಿಗೆ ಬಂದಿತ್ತು. ಕೊನೆಗೆ 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಅದನ್ನು ಸೇರಿಸಲೇ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ವಿಂಡೋಸ್ 7, 8ರಲ್ಲಿಯೂ ಅದನ್ನು ನಿಲ್ಲಿಸಿದರು. ಕಂಪ್ಯಾಟಿಬಿಲಿಟಿ ಮೋಡ್ ಇಲ್ಲದ ಚಾಲಕವನ್ನು ತಂದುಕೊಡುವುದಿಲ್ಲ. ಎಲ್ಲಿಂದಲೋ ಆ ಫೈಲನ್ನು ತಂದು ವಿಂಡೋಸ್ 10ರೊಳಗೆ ತುರುಕಿ ಎನ್ನುವ ವಿಡಿಯೊಗಳಿವೆ. ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪಿನಲ್ಲಿ ಆ ಸಾಹಸ ಬೇಡ.

ಆ ಚಾಲಕ ಇರುವ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದೆಯೇ? 2014ರ ಏಪ್ರಿಲ್‌ನಿಂದ ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತಿದೆ. ಆದ್ದರಿಂದ ಇಂಟರ್‌ನೆಟ್ ಕೇಬಲ್ ಹಾಕದೆ ಆಟಕ್ಕೆ ಮಾತ್ರ ಇಟ್ಟುಕೊಳ್ಳಿ. ಎಕ್ಸ್‌ಪಿ ಐಎಸ್‌ಒ ಫೈಲನ್ನು ತಾನಾಗಿ ತೆರೆಯುವುದಿಲ್ಲ. ಗೀರಿನ ಡಿಸ್ಕಿನ ಪ್ರತಿಬಿಂಬವನ್ನು ಖಾಲಿ ಸಿ.ಡಿ.ಗೆ ಕಡಿಮೆ ವೇಗದಲ್ಲಿ ಬರೆದು ಒಯ್ಯಿರಿ. ಆಡುವಾಗ ಅಸಲಿ ಡಿಸ್ಕ್ ಒಳಗಿರಲಿ.

ಒಂಟಿಕೊಪ್ಪಲು (ಮೈಸೂರು):

ನಡುವೆ ಬಾಯಿ ಹಾಕುತ್ತೇನೆ. ನನ್ನ ಬಳಿ ತೊಂಬತ್ತರ ದಶಕದ ಚದುರಂಗದ ಆಟವಿದೆ. ಸೆಟಪ್ ಒತ್ತಿದ ಕೂಡಲೇ ‘ಈ ಅಪ್ಲಿಕೇಶನ್ ನಿಮ್ಮ ಪಿಸಿಯಲ್ಲಿ ಚಲಿಸದು’ ಎನ್ನುತ್ತದೆ. ಡಿಸ್ಕ್ ಚೆನ್ನಾಗಿದೆ.

ಹಳೆ ಡ್ರೈವ್ (ಮೈಸೂರು):

ನಿಮ್ಮದು ಸೆಟಪ್ ಒಗ್ಗದ ಪ್ರಕರಣ. ಆ ಕಾಲದಲ್ಲಿ ಆಟ 32 ಬಿಟ್ ಆಗಿದ್ದರೂ ಸೆಟಪ್ ಪ್ರೋಗ್ರಾಂ 16 ಬಿಟ್ ಇರುತ್ತಿತ್ತು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್‌ಬಾಕ್ಸ್ ಪ್ರೋಗ್ರಾಂನಲ್ಲಿ 32 ಬಿಟ್ ಎಕ್ಸ್‌ಪಿ ಹಾಕಿಕೊಳ್ಳಿ, ಚದುರಂಗಕ್ಕೆ ಅದು ಧಾರಾಳ. ಒಂದು ವೇಳೆ ನೂರಾರು ಜಿಬಿ ಖಾಲಿ ಇದ್ದರೂ ‘ಜಾಗ ಸಾಲದು’ ಎಂದರೆ ನಗಬೇಡಿ. ಅಷ್ಟು ದೊಡ್ಡ ಸಂಖ್ಯೆ ಹಳೆಯ ಸೆಟಪ್‌ನ ಲೆಕ್ಕದಲ್ಲಿ ಹಿಡಿಸದೆ ಋಣಸಂಖ್ಯೆಯಾಗಿರುತ್ತದೆ. ಡಿಸ್ಕಿನಲ್ಲಿ ಎರಡು ಜಿಬಿಯಷ್ಟು ಏನಾದರೂ ತುಂಬಿ ಮತ್ತೆ ಓಡಿಸಿ, ಅನೇಕ ವೇಳೆ ಒಪ್ಪಿಕೊಳ್ಳುತ್ತದೆ.

ಕಬ್ಬಿನಾಲೆ (ಮಂಡ್ಯ):

ಗುತ್ತಲು ರಸ್ತೆಯಲ್ಲಿರುವ ಚಿಕ್ಕಪ್ಪನ ಮನೆಯಲ್ಲಿ ಎಕ್ಸ್‌ಪಿ ಇರುವ ಡಬ್ಬ ಸಿಕ್ಕಿತು, ಮೇಲೆ ಹೊಲಿಗೆ ಬಟ್ಟೆಯ ಗಂಟು ಇಟ್ಟಿದ್ದರು. ಚಾಲೂ ಆಯಿತು. ಈಗ ಇನ್ನೊಂದು ವಿಘ್ನ. ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಕೀಯನ್ನು (ಇನ್‌ಸ್ಟಾಲ್ ಮಾಡುವಾಗ ಕೇಳುವ ಅಕ್ಷರ-ಅಂಕಿಗಳ ಗುರುತು) ಅಕ್ಕನ ಮಗ ಹೊಡೆದಿದ್ದ, ಅವನು ಊರಿಗೆ ಹೋದ. ಕೈಪಿಡಿಯ ಹಿಂಬದಿಯ ಚೀಟಿಯಲ್ಲಿ ಒಂದು ಕಡೆ ಶಾಯಿ ಮಾಸಿದೆ, ಇಂಗ್ಲಿಷಿನ ‘ಬಿ’ ಅಕ್ಷರವೋ 8ರ ಅಂಕಿಯೋ ತಿಳಿಯುತ್ತಿಲ್ಲ.

ಹಳೆ ಡ್ರೈವ್ (ಮೈಸೂರು):

ಮೊಬೈಲ್ ಟಾರ್ಚನ್ನು ಚೀಟಿಯ ಮಟ್ಟಕ್ಕೆ ತಂದು ಓರೆಯಾಗಿ ಬೆಳಕು ಬಿಡಿ, ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಎಡಬದಿ ನೇರವಾಗಿದ್ದರೆ ‘ಬಿ’. ಅಷ್ಟಕ್ಕೂ ಎರಡೇ ಸಾಧ್ಯತೆ ತಾನೇ, ಎರಡನ್ನೂ ಹಾಕಿ ನೋಡಿ. ಇಲ್ಲವೇ ಅಕ್ಕನ ಮಗನಿಗೆ ಫೋನ್ ಮಾಡಿ, ಹುಡುಗರಿಗೆ ಇಂಥದ್ದು ನೆನಪಿರುತ್ತದೆ.

ಕಬ್ಬಿನಾಲೆ (ಮಂಡ್ಯ):

ಎಡಬದಿ ನೇರವಾಗಿದೆ, ‘ಬಿ’ ಎಂದು ಹೊಡೆದೆ, ಒಪ್ಪಿಕೊಂಡಿತು. ಅಸಲಿ ಡಿಸ್ಕ್ ಹಾಕಿದ ಮೇಲೆ ಆಟವೂ ಶುರುವಾಯಿತು. ಚಿಕ್ಕಪ್ಪನ ಮೊಮ್ಮಕ್ಕಳು ಕುರ್ಚಿ ಬಿಟ್ಟುಕೊಡುತ್ತಿಲ್ಲ, ಡಬ್ಬವನ್ನು ನಮ್ಮ ಮನೆಗೆ ಒಯ್ಯುವ ಮಾತು ಎತ್ತಲಾಗುತ್ತಿಲ್ಲ. ಎರಡನೆಯ ಎಕ್ಸ್‌ಪಿ ಕಂಪ್ಯೂಟರ್ ಯಾರಾದರೂ ಮಾರುವವರಿದ್ದರೆ ತಿಳಿಸಿ, ಸಿ.ಡಿ. ಡ್ರೈವ್ ಸರಿಯಿರಬೇಕು.