ಮೂವತ್ತಮೂರಕ್ಕೆ ನರ್ಸಿಂಗ್ ಸೇರಬಹುದೇ?

ಪ್ರಶ್ನೆ, ಪಡುಬಿದ್ರಿಯಿಂದ:
ನನಗೆ 33 ವರ್ಷ. ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮುಗಿಸಿ ಹದಿನೈದು ವರ್ಷವಾಯಿತು. ಮನೆಯಲ್ಲೇ ಬೀಡಿ ಕಟ್ಟುತ್ತೇನೆ. ಮಗಳು ನಾಲ್ಕನೇ ತರಗತಿ. ಸಕ್ಕರೆ ಕಾಯಿಲೆಯಿರುವ ಅತ್ತೆಗೆ ದಿನವೂ ಇನ್ಸುಲಿನ್ ಚುಚ್ಚುವವಳು ನಾನೇ. ಮೊದಲ ದಿನ ಕೈ ನಡುಗಿ ಸೂಜಿ ಬಾಗಿತ್ತು. ಈಗ ಅವರು ಧಾರಾವಾಹಿಯಿಂದ ಕಣ್ಣು ಕೀಳದೆ ಹೊಟ್ಟೆ ಒಡ್ಡುತ್ತಾರೆ. ಓದುವ ಆಸೆ ಹುಟ್ಟಿದ್ದು ಅಲ್ಲಿಂದಲೇ. ‘ಈ ವಯಸ್ಸಿನಲ್ಲಿ ಸಮವಸ್ತ್ರವೇ?’ ಎಂದು ನಾದಿನಿ ನಕ್ಕಳು. ಮಂಗಳೂರಿಗೆ ದಿನಾ ಹೋಗಿಬಂದು ಓದಲಾದೀತೇ?

ಉತ್ತರ, ಸುರತ್ಕಲ್‌ನಿಂದ:
ಅಕ್ಕ, ಬಿಎಸ್‌ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ವಾಣಿಜ್ಯವಾದರೂ ನಡೆಯುತ್ತದೆ. ಇಂಗ್ಲಿಷ್ ಪಾಸಾಗಿರಬೇಕು, ಒಟ್ಟು ಶೇ 40 ಅಂಕ ಬೇಕು. ವಯೋಮಿತಿ 35. ಇನ್ನೊಂದು ವರ್ಷ ಯೋಚಿಸುತ್ತಾ ಕೂರಬೇಡಿ.

ಉತ್ತರ, ಉಡುಪಿಯಿಂದ:
ನಾನು 31ಕ್ಕೆ ಸೇರಿದವಳು. ಪಾಠಕ್ಕಿಂತ ರಾತ್ರಿ ಪಾಳಿ ಕಷ್ಟ. ಆ ದಿನಗಳಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಈಗಲೇ ತೀರ್ಮಾನಿಸಿ. ಎಲುಬುಗಳ ಇಂಗ್ಲಿಷ್ ಹೆಸರುಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದು ಒಲೆಯ ಪಕ್ಕ ತೂಗಿಹಾಕಿದ್ದೆ. ಸಾರಿನ ಕಲೆ ಬಿದ್ದ ಕೆಳಗಿನ ನಾಲ್ಕು ಹೆಸರು ಪರೀಕ್ಷೆಯಲ್ಲೂ ಕೈಕೊಟ್ಟವು! ಇನ್ನೊಂದು ಮಾತು: ನಮ್ಮ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅವುಗಳಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇಲ್ಲ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪಡುಬಿದ್ರಿಯಿಂದ ಮತ್ತೆ:
ಅಂಕಪಟ್ಟಿ ಹುಡುಕಿದೆ, ಶೇ 52 ಇದೆ. ಅತ್ತೆಗೆ ಹೇಳಿದೆ. ‘ಹೋಗು, ಆದರೆ ಸೂಜಿ ಚುಚ್ಚಿಯೇ ಹೋಗು’ ಎಂದರು.