ಪುಲ್ಲಿ ಬೋಲ್ಟ್ ವಿಷಯ: ಕೀ ಮಾತ್ರ ತಿರುಗಿಸಬೇಡ

ಸಂತು, ನಿನ್ನ ಮೆಸೇಜ್ ಈಗ ಕೇಳಿದೆ. ನಿಮ್ಮಪ್ಪನ 2001ರ ಹೋಂಡಾ ಸಿಟಿಗೆ ಟೈಮಿಂಗ್ ಬೆಲ್ಟ್ ಹಾಕಲು ಹೋಗಿ, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ತುದಿಯ ಪುಲ್ಲಿಯ ಬೋಲ್ಟ್ ಬಿಚ್ಚಲಾಗದೆ ಬೆಳಿಗ್ಗೆಯಿಂದ ಒದ್ದಾಡುತ್ತಿದ್ದೀಯ. ಪಕ್ಕದ ಮನೆಯವರು ಸ್ಟಾರ್ಟರ್ ಉಪಾಯ ಹೇಳಿದ್ದಾರೆ, ಮಾಡಲಾ ಅಂತ ಕೇಳಿದ್ದೀಯ. ಬೇಡ ಮರಿ. ಕೀ ಮುಟ್ಟಲೇಬೇಡ. ಊಟದ ತಟ್ಟೆ ಬಿಟ್ಟು ಬಂದು ಮಾತಾಡುತ್ತಿದ್ದೇನೆ, ಪೂರ್ತಿ ಕೇಳು.

ಆ ಉಪಾಯ ಸುಳ್ಳಲ್ಲ. ಬೋಲ್ಟಿಗೆ ಉದ್ದನೆ ರಾಡ್ ಸಿಕ್ಕಿಸಿ, ರಾಡಿನ ತುದಿ ನೆಲಕ್ಕೋ ಚಾಸಿಗೋ ಆನಿಕೊಳ್ಳುವಂತೆ ಇಟ್ಟು, ಕೀ ತಿರುಗಿಸಿ ಸ್ಟಾರ್ಟರ್‌ ಅನ್ನು, ಅಂದರೆ ಎಂಜಿನ್ ತಿರುಗಿಸುವ ಮೋಟಾರನ್ನು, ಒಂದು ಕ್ಷಣ ಹೊಡೆಯುತ್ತಾರೆ. ಬೋಲ್ಟ್ ನಿಂತಲ್ಲೇ ನಿಲ್ಲುತ್ತದೆ, ಕ್ರ್ಯಾಂಕ್ ಬಲಕ್ಕೆ ತಿರುಗುತ್ತದೆ, ಬೋಲ್ಟ್ ಲೂಸ್ ಆಗುತ್ತದೆ. ಆದರೆ ಇದೆಲ್ಲ ಬಲಕ್ಕೆ ತಿರುಗುವ ಎಂಜಿನ್‌ಗೆ. ಹೆಚ್ಚಿನ ಕಾರುಗಳು ಹಾಗೇ ತಿರುಗುತ್ತವೆ. ನಿಮ್ಮ ಸಿಟಿಯಲ್ಲಿರುವ, ಹೋಂಡಾದ ಆ ಕಾಲದ ಡಿ ಸೀರೀಸ್ ಎಂಜಿನ್ ಮಾತ್ರ ಉಲ್ಟಾ, ಪುಲ್ಲಿ ಕಡೆಯಿಂದ ನೋಡಿದರೆ ಎಡಕ್ಕೆ ತಿರುಗುತ್ತದೆ. ಬೋಲ್ಟಿನ ಥ್ರೆಡ್ ಮಾತ್ರ ಎಲ್ಲಾ ಬೋಲ್ಟಿನ ಹಾಗೇ, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಈಗ ಲೆಕ್ಕ ಹಾಕು. ಬೋಲ್ಟ್ ಹಿಡಿದಿಟ್ಟು ಕ್ರ್ಯಾಂಕ್ ಎಡಕ್ಕೆ ತಿರುಗಿದರೆ ಏನಾಗುತ್ತದೆ? ಇನ್ನೂ ಬಿಗಿಯುತ್ತದೆ! ಪಾಪ, ಪಕ್ಕದ ಮನೆಯವರು ತಮ್ಮ ಕಾರಿಗೆ ಮಾಡಿ ಗೆದ್ದಿರಬೇಕು.

ಈಗ ಏನು ಮಾಡಬೇಕು ಅಂದರೆ, ಪುಲ್ಲಿ ಹಿಡಿಯಬೇಕು. ಅಷ್ಟೇ ಕೆಲಸ. ನೀನು ಐದನೇ ಗೇರ್ ಹಾಕಿ ತಂಗಿಗೆ ಬ್ರೇಕ್ ಒತ್ತಲು ಹೇಳಿದ್ದೀಯ. ತಪ್ಪಲ್ಲ, ಆದರೆ ಬೋಲ್ಟ್ ತೀರಾ ಬಿಗಿ ಇದ್ದರೆ ಎಂಜಿನ್‌ಗೂ ಗೇರ್‌ಗೂ ನಡುವಿನ ಕ್ಲಚ್ಚೇ ಜಾರುತ್ತದೆ. ಬೋಲ್ಟ್ ಅಲ್ಲಾಡಿತು ಅಂತ ಖುಷಿಪಟ್ಟೆಯಲ್ಲ, ಅದು ಬೋಲ್ಟ್ ಅಲ್ಲ, ಇಡೀ ಎಂಜಿನ್ನೇ ತಿರುಗಿರಬಹುದು. ಪುಲ್ಲಿಯ ನಡುವೆ ಆರು ಮೂಲೆಯ ದೊಡ್ಡ ಗುಂಡಿ ಇದೆಯಾ ನೋಡು. ಇದ್ದರೆ ಅದಕ್ಕೆ 50 ಎಂಎಂ ಹೋಲ್ಡರ್ ಅಂತಲೇ ಸಿಗುತ್ತದೆ, ನಡುವೆ ತೂತು ಇರುತ್ತದೆ, ಅದರೊಳಗಿಂದಲೇ ಬೋಲ್ಟಿನ ತಲೆಗೆ ಕೂರುವ ಸಾಕೆಟ್ ಹೋಗುತ್ತದೆ. ನಾಳೆ ಎಸ್.ಪಿ. ರೋಡ್ ಕಡೆ ಹೋಗುತ್ತೇನೆ, ಹುಡುಕುತ್ತೇನೆ.

ಹೋಲ್ಡರಿನ ಹಿಡಿ ಒಂದು ಕಡೆ ಆನಿಸಿ ನಿಲ್ಲಿಸು. ಸಾಕೆಟ್ ಆರು ಮೂಲೆಯದೇ ಇರಲಿ. ನಾನು ಹಿಂದೊಮ್ಮೆ ಕೈಗೆ ಸಿಕ್ಕಿದ ಹನ್ನೆರಡು ಮೂಲೆಯದನ್ನು ಹಾಕಿ ಬೋಲ್ಟಿನ ತಲೆ ಸವೆಸಿ, ಎರಡು ದಿನ ಅನುಭವಿಸಿದ್ದೇನೆ. ಸಾಕೆಟ್‌ಗೂ ರಾಡಿಗೂ ನಡುವೆ ಎಕ್ಸ್‌ಟೆನ್ಷನ್ ಕಂಬಿ ಹಾಕಿದರೆ ಅದರ ಹೊರತುದಿಯ ಕೆಳಗೆ ಒಂದು ಸ್ಟ್ಯಾಂಡ್ ಕೊಡು. ಇಲ್ಲದಿದ್ದರೆ ನಿನ್ನ ಬಲವೆಲ್ಲ ಅದನ್ನು ಬಗ್ಗಿಸುವುದಕ್ಕೇ ಹೋಗುತ್ತದೆ. ಆಮೇಲೆ ರಾಡಿಗೆ ಒಂದು ಮೀಟರ್ ಪೈಪ್ ಸಿಕ್ಕಿಸಿ ನಿನ್ನ 60 ಕೆಜಿ ತೂಕ ಬಿಟ್ಟರೆ ತಿರುಗಿಸುವ ಬಲ ಹತ್ತಿರ ಹತ್ತಿರ 600 ನ್ಯೂಟನ್ ಮೀಟರ್. ಆ ಎಂಜಿನ್ನಿಗೆ ಕಂಪನಿ ಬಿಗಿಸುವುದೇ 180ರ ಆಸುಪಾಸು. ವರ್ಷಗಟ್ಟಲೆ ಕೂತು ಬಿಗಿದಿದ್ದರೂ ಬಂದೇ ಬರಬೇಕು. ಠಪ್ ಅಂತ ಗುಂಡು ಹೊಡೆದ ಹಾಗೆ ಸದ್ದು ಬರುತ್ತದೆ, ಏನೋ ಮುರಿಯಿತು ಅಂತ ಹೆದರಬೇಡ.

ಪೆಟ್ಟು ಕೊಟ್ಟು ಕೊಟ್ಟು ಬೋಲ್ಟ್ ತಿರುಗಿಸುವ ಇಂಪ್ಯಾಕ್ಟ್ ಗನ್ ಇದ್ದರೆ ಇನ್ನೂ ಸುಲಭ. ಆದರೆ ಗನ್ನಿಗೆ ಉದ್ದ ಎಕ್ಸ್‌ಟೆನ್ಷನ್ ಹಾಕಬೇಡ, ಪೆಟ್ಟೆಲ್ಲ ಅದರ ತಿರುಚಲ್ಲೇ ಮುಗಿಯುತ್ತದೆ. ಗ್ಯಾಸ್ ಟಾರ್ಚ್ ಅಂದೆಯಲ್ಲ, ಅದು ಬೇಡವೇ ಬೇಡ. ಪುಲ್ಲಿಯೊಳಗೆ ರಬ್ಬರ್ ಇದೆ, ಹಿಂದೆ ಆಯಿಲ್ ಸೀಲ್ ಇದೆ. ಬಿಸಿಗೆ ಅವು ಹಾಳಾದರೆ ಬೆಲ್ಟ್ ಖರ್ಚಿನ ಜೊತೆಗೆ ಅದೂ ಸೇರುತ್ತದೆ.

ಇನ್ನೊಂದು. ಫೋಟೋದಲ್ಲಿ ಕಾರು ಬರೀ ಜಾಕ್ ಮೇಲೆ ನಿಂತಿದೆ ಅಲ್ವಾ? ಮೊದಲು ಇಳಿಸು. ಸ್ಟ್ಯಾಂಡ್ ಇಲ್ಲದೆ ಅದರ ಪಕ್ಕ ಕೂತು ಪೈಪ್ ಎಳೆಯಬಾರದು. ಅತ್ತಿಗೆ, ನೀವೂ ಸ್ವಲ್ಪ ನೋಡಿಕೊಳ್ಳಿ.

ಬೋಲ್ಟ್ ವಾಪಸ್ ಹಾಕುವಾಗ ಗನ್ ಬೇಡ, ಎಷ್ಟು ಬಿಗಿಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಬಳಸು, ಸರಿಯಾದ ಅಳತೆ ಮ್ಯಾನ್ಯುಯಲ್‌ನಲ್ಲಿ ನೋಡಿ. ಅದು ನನ್ನ ಹತ್ತಿರ ಇದೆ, ಹೋಲ್ಡರ್ ಜೊತೆ ತರುತ್ತೇನೆ. ಅಷ್ಟರಲ್ಲಿ ಬೋಲ್ಟ್ ಬಂದುಬಿಟ್ಟರೆ ಪುಲ್ಲಿಯನ್ನು ಮೆಲ್ಲಗೆ ಎಳೆ. ಒಳಗೆ ಪುಲ್ಲಿ ಜಾರದಂತೆ ಕೂರಿಸುವ, ಬೆರಳ ತುದಿಯಷ್ಟು ಚಿಕ್ಕ ಲೋಹದ ತುಂಡು ಇರುತ್ತದೆ, ಅದಕ್ಕೂ ಕೀ ಅಂತಲೇ ಅನ್ನುತ್ತಾರೆ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಕೆಳಗೊಂದು ಹಳೇ ಪಂಚೆ ಹಾಸಿಕೋ.